ಸಾಕಮ್ಮನ ಹೆಪ್ಪು

ಆರನೆಯ ದಿನವೂ ಅಪ್ಪ ತಣ್ಣಗೇ ಇದ್ದ.

ಹೊನ್ನೂರಮ್ಮ ಕಬ್ಬಿಣದ ಸಲಾಕೆಯನ್ನು ಗುಡ್ಡೆಯ ನಡುವಿಗೆ ಚುಚ್ಚಿ, ನೂರು ಎಣಿಸುವಷ್ಟು ಹೊತ್ತು ಬಿಟ್ಟು, ಹೊರಗೆಳೆದು ತನ್ನ ಮೊಣಕೈಯ ಒಳಮಗ್ಗುಲಿಗೆ ಒತ್ತಿಕೊಂಡಳು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟಳು. ಸಲಾಕೆ ಆಗಷ್ಟೇ ಬಾವಿಯಿಂದ ಎತ್ತಿದ ಹಾಗಿತ್ತು. ಪಕ್ಕದ ತೊಟ್ಟಿಯ ಮೇಲೆ ಬೆಳಗಿನ ಚಳಿಗೆ ಸಣ್ಣಗೆ ಹಬೆಯಾಡುತ್ತಿತ್ತು. ಅದು ಸಾಕಮ್ಮನ ಗಂಡ ಮುರಿಗೆಪ್ಪನವರ ತೊಟ್ಟಿ. ಅಪ್ಪ ತೀರಿಕೊಳ್ಳುವುದಕ್ಕೆ ಎರಡು ದಿನ ಮೊದಲು, ಹುಣಸೆ ಬಡಿಯಲು ಹೋದವರು ಮರದ ಬುಡದಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ಅವರ ಗುಡ್ಡೆಗೆ ಎರಡನೆಯ ದಿನಕ್ಕೇ ಬಿಸಿ ಬಂದು, ಈಗ ಅಂಗೈ ಊರಿದರೆ ತಡೆದುಕೊಳ್ಳುವ ಹಾಗಿರಲಿಲ್ಲ.

"ಇನ್ನೂ ಐದು ದಿನ ಐತೆ ಕಣೆ ವಿಶಾಲಿ. ಈಗ್ಲೇ ಮುಖ ಸಣ್ಣ ಮಾಡ್ಕೋಬೇಡ," ಅಂದಳು ಹೊನ್ನೂರಮ್ಮ. ಸತ್ತವರನ್ನು ಹೊಟ್ಟು ಸೊಪ್ಪಿನಲ್ಲಿ ಮುಚ್ಚಿ ಮಣ್ಣಾಗಿಸುವ ಮಣ್ಮನೆಯನ್ನು ಮೂವತ್ತು ವರ್ಷದಿಂದ ನೋಡಿಕೊಂಡಿರುವ ಹೆಂಗಸು ಅವಳು. ಧೈರ್ಯ ಅವಳ ದನಿಯಲ್ಲಿತ್ತು, ಕಣ್ಣಿನಲ್ಲಿರಲಿಲ್ಲ. ಹಿಂದಿನ ದಿನವೇ ಗುಡ್ಡೆಗೆ ಎರಡು ಕೊಡ ನೀರು ಚಿಮುಕಿಸಿ, ಹಸಿ ಹೊಂಗೆಸೊಪ್ಪು ತುರುಕಿ, ಶೇಂಗಾ ಹೊಟ್ಟನ್ನು ಸಡಿಲಿಸಿ ಗಾಳಿಯಾಡುವ ಹಾಗೆ ಮಾಡಿದ್ದಳು. ಮಾಡುವುದೇನೂ ಬಾಕಿ ಉಳಿದಿರಲಿಲ್ಲ.

"ಎಂಟು ತಿಂಗಳು ಬರೀ ಇಂಜೆಕ್ಷನ್ನು, ಮಾತ್ರೆ. ಮೈಯೆಲ್ಲ ಔಷಧಿನೇ ಆಗೋಗಿತ್ತಲ್ಲ ನಿಮ್ಮಪ್ಪಂದು. ಅಂಥೋರಿಗೆ ನಿಧಾನ," ಎಂದು ತನಗೇ ಹೇಳಿಕೊಳ್ಳುವಂತೆ ಹೇಳಿ ಸಲಾಕೆಯನ್ನು ಸೆರಗಿನಲ್ಲಿ ಒರೆಸಿದಳು.

ನಮ್ಮೂರು ಇರುವುದೇ ಬಂಡೆಯ ಮೇಲೆ. ಎಲ್ಲಿ ಗುದ್ದಲಿ ಹಾಕಿದರೂ ಠಣ್ ಅನ್ನುತ್ತದೆ. ಇಲ್ಲಿರುವ ಮಣ್ಣೆಲ್ಲ ನಮ್ಮ ಹಿರಿಯರದೇ. ಪ್ರತಿ ಮನೆಯ ಮುಂದೆ ಕಲ್ಲು ಕಟ್ಟಿದ ಒಂದು ಮಡಿ, ಅದರಲ್ಲಿ ನಾಲ್ಕು ಗಿಡ. "ನಮ್ಮ ಸೋದರತ್ತೆ ಈ ಸಲ ಮೈತುಂಬ ಬದನೆ ಬಿಟ್ಟಿದಾಳೆ, ಬಂದು ಕಿತ್ಕೊಂಡು ಹೋಗ್ರಿ," ಎಂದು ಕರೆದರೆ ಇಲ್ಲಿ ಯಾರೂ ನಗುವುದಿಲ್ಲ. ಆಚೆ ಊರಿನವರು ನಮ್ಮದನ್ನು ತಿಪ್ಪೆಯೂರು ಅನ್ನುತ್ತಾರಂತೆ. ಅನ್ನಲಿ. ಸತ್ತವರ ಮನೆಯವರನ್ನು ಕಂಡಾಗ ನಾವು ಅಯ್ಯೋ ಪಾಪ ಅನ್ನುವುದಿಲ್ಲ, ಬಿಸಿ ಬಂತಾ ಎಂದು ಕೇಳುತ್ತೇವೆ. ಬಂತು ಅಂದರೆ ಒಳ್ಳೇದಾಯ್ತು ಎಂದು ಮುಂದೆ ಹೋಗುತ್ತೇವೆ. ನನ್ನ ಕನ್ನಡಕದ ಅಂಗಡಿಗೆ ಬಂದವರೂ ಮೂರನೆಯ ದಿನದಿಂದ ಕೇಳುತ್ತಿದ್ದರು. ಇನ್ನೂ ಇಲ್ಲ ಅಂದರೆ ಅವರಿಗೆ ಮುಂದೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತ ಬಿಚ್ಚುತ್ತ ನಿಲ್ಲುತ್ತಿದ್ದರು. ಆರನೆಯ ದಿನಕ್ಕೆ ಕೇಳುವುದನ್ನೇ ನಿಲ್ಲಿಸಿದರು. ಅದು ಇನ್ನೂ ಕಷ್ಟವಾಯಿತು.

ಹನ್ನೊಂದನೆಯ ಬೆಳಗಿಗೂ ಬಿಸಿ ಬಾರದಿದ್ದರೆ ಗಡಿಕಲ್ಲಿನಾಚೆ ಕಲ್ಲುಬಯಲಿಗೆ ಒಯ್ದು ಮೇಲೆ ಕಲ್ಲು ಪೇರಿಸಿ ಬರಬೇಕು. ಮನೆ ಮುಂದೆ ಮಡಿ ಇಲ್ಲ, ಹಿರಿಯರ ಹಬ್ಬಕ್ಕೆ ಎಡೆ ಇಲ್ಲ. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ನನಗೆ ತಿಳಿದ ಮೇಲೆ ಅಲ್ಲಿಗೆ ಹೋದವರು ಮೂವರೇ. ಆ ಮೂವರಲ್ಲಿ ಒಬ್ಬಳು ಮುರಿಗೆಪ್ಪನವರ ಮಗಳು.

ಆ ವಾರ ನಾನು ಕಂಡಕಂಡದ್ದನ್ನೆಲ್ಲ ಅಂಗೈಯಿಂದ ಮುಟ್ಟಿ ನೋಡುತ್ತಿದ್ದೆ. ಚಹಾದ ಲೋಟ, ಬಿಸಿಲಿಗೆ ಕಾದ ಶಟರು, ನನ್ನದೇ ಕುತ್ತಿಗೆ. ನನ್ನ ಕೈಗೇ ಬಿಸಿ ಗೊತ್ತಾಗುವುದು ನಿಂತುಹೋಗಿದೆಯೋ ಏನೋ ಎಂಬ ಅನುಮಾನ. ಅಂಗಡಿ ಬೀಗ ಹಾಕಿದ ಮೇಲೆ ಮೂರು ಸಲ ಹಿಂದಿರುಗಿ ಎಳೆದು ನೋಡುವುದು ನನ್ನ ಹಳೆಯ ಚಾಳಿ. ಹದಿಮೂರು ವರ್ಷದವಳಿದ್ದಾಗಿನಿಂದ ಇರುವಂಥದ್ದು. ಈಗ ಆರು ಸಲ, ಏಳು ಸಲ ಹಿಂದಿರುಗುತ್ತಿದ್ದೆ.

ಏಳನೆಯ ದಿನ ಹೊನ್ನೂರಮ್ಮ ನನ್ನನ್ನೂ ಅಣ್ಣ ಭೂಷಣನನ್ನೂ ಮಣ್ಮನೆಯ ಜಗಲಿಯ ಮೇಲೆ ಕೂರಿಸಿಕೊಂಡಳು. "ಇನ್ನು ಹೆಪ್ಪು ಕೇಳೋದೇ ಸರಿ," ಅಂದಳು. "ಹಾಲಿಗೆ ಹೆಂಗೋ ಇದಕ್ಕೂ ಹಂಗೇ. ಬಿಸಿ ಇರೋ ಗುಡ್ಡೆಯಿಂದ ಒಂದು ಹಿಡಿ ತಂದು ಇದರ ಒಳಗೆ ಇಟ್ರೆ ಹಿಡ್ಕೊಳ್ಳುತ್ತೆ. ಆದ್ರೆ ಆ ಮನೆಯೋರೇ ತಮ್ಮ ಕೈಯಾರೆ ಕೊಡಬೇಕು."

"ಕೇಳಿದ್ರಾಯ್ತು. ಯಾರ ಗುಡ್ಡೆ ಬಿಸಿ ಇದಾವೆ?" ಎಂದ ಭೂಷಣ.

ಎಂಟು ತೊಟ್ಟಿಗಳಲ್ಲಿ ಐದು ಖಾಲಿ ಇದ್ದವು. ಒಂದು ಆರಿ ಮಣ್ಣಾಗಿತ್ತು. ಒಂದು ಅಪ್ಪನದು. ಉಳಿದದ್ದು ಹಬೆಯಾಡುತ್ತಿದ್ದ ಒಂದೇ ಒಂದು. ಭೂಷಣ ಅದನ್ನು ನೋಡಿ, ನನ್ನನ್ನು ನೋಡಿ, ಎದ್ದು ಹೊರಗೆ ಹೋಗಿ ಉಗುಳಿ ಬಂದ.

"ಬಿಡು, ಆಗೋ ಮಾತಲ್ಲ. ಸಾಕಮ್ಮ ನಮ್ಮ ಮನೆಯೋರಿಗೆ ಕೊಡೋದುಂಟಾ? ಕಲ್ಲುಬಯಲೇ ಆಗ್ಲಿ. ಅವನು ಮಾಡಿದ್ದಕ್ಕೆ ಸರಿಯಾಗೇ ಆಯ್ತು ಅನ್ಕೊಳ್ಳೋಣ."

ಅಪ್ಪನನ್ನು ಅವನು ಹಾಗೆ ಅಂದಾಗ ನಾನು ಎದುರು ಮಾತಾಡಬೇಕಿತ್ತು. ಆಡಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಆಡಿರಲಿಲ್ಲ.

ಊರಿಗೆಲ್ಲ ಗೊತ್ತಿರುವುದು ಇಷ್ಟು. ಅಪ್ಪ ಗುರುಶಾಂತಪ್ಪ ಊರಿನ ನೀರುಗಂಟಿಯಾಗಿದ್ದ. ಬೀದಿಬೀದಿಗೂ ಹೊತ್ತು ಗೊತ್ತುಮಾಡಿ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಒಂದು ಬೇಸಗೆಯ ಮಧ್ಯಾಹ್ನ ಎರಡು ಗಂಟೆಗೆ ಗಾಣಿಗರ ಬೀದಿಗೆ ನೀರು ಬಿಡಬೇಕಿತ್ತು, ಬಿಡಲಿಲ್ಲ. ಎರಡೂವರೆಗೆ ಮುರಿಗೆಪ್ಪನವರ ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೋವ್ ಸಿಡಿಯಿತು. ಒಳಗೆ ಇದ್ದವಳು ಅವರ ಒಬ್ಬಳೇ ಮಗಳು ಚಂದ್ರಕಲಾ, ಹದಿನಾರು ವರ್ಷದವಳು. ಜನ ಕೊಡಪಾನ ಹಿಡಿದು ನಲ್ಲಿಗೆ ಓಡಿದರೆ ನಲ್ಲಿಯಲ್ಲಿ ಬರೀ ಗಾಳಿ ಬುಸುಗುಡುತ್ತಿತ್ತು. ದೂರದ ಬಾವಿಯಿಂದ ನೀರು ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೆಂಕಿ ತಿಂದ ಮೈಗೆ ಬಿಸಿ ಬರುವುದಿಲ್ಲ. ಹನ್ನೊಂದು ದಿನ ಕಾಯುವುದೂ ಬೇಡವೆಂದು ಅದೇ ಸಂಜೆ ಅವಳನ್ನು ಕಲ್ಲುಬಯಲಿಗೆ ಒಯ್ದರು.

ಅಪ್ಪ ಹತ್ತು ಜನರ ಮುಂದೆ ನಿಂತು, "ನಾನೇ ಮರೆತೆ. ಜ್ವರ ಬಂದಿತ್ತು, ನಿದ್ದೆ ಹತ್ತಿಬಿಡ್ತು," ಎಂದು ಹೇಳಿದ. ಕೆಲಸ ಹೋಯಿತು. ಅಂದಿನಿಂದ ಸಾಕಮ್ಮ ಅವನನ್ನು ಬೀದಿಯಲ್ಲಿ ಕಂಡಾಗಲೆಲ್ಲ ನಿಂತು ಬೈಯುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಅವಳು ಮುಗಿಸಿದ ಮೇಲೆಯೇ ಹೆಜ್ಜೆ ತೆಗೆಯುತ್ತಿದ್ದ. ಶಾಲೆಯಲ್ಲಿ ಭೂಷಣನಿಗೆ ಬಿದ್ದ ಹೆಸರು ಒಣನಲ್ಲಿ. ಹದಿನೆಂಟಕ್ಕೆ ಮನೆ ಬಿಟ್ಟು ಹೋಗಿ ಕೆಳಗಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ಅಪ್ಪ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಮೂರು ಸಲ ಬಂದಿರಬೇಕು. ಬಂದಾಗಲೂ ಬಾಗಿಲಲ್ಲಿ ನಿಂತು ಔಷಧಿ ಕೊಟ್ಟು ಹೋದವನು.

ಎಂಟನೆಯ ದಿನ ಮಧ್ಯಾಹ್ನ ನಾನು ಮಣ್ಮನೆಗೆ ಹೋದಾಗ ಭೂಷಣ ಒಬ್ಬನೇ ಅಪ್ಪನ ತೊಟ್ಟಿಯ ಹತ್ತಿರ ಇದ್ದ. ನನ್ನನ್ನು ನೋಡಿ ಬೆಚ್ಚಿಬಿದ್ದ. ಅವನ ಬಲಗೈ ಮಣಿಕಟ್ಟಿನವರೆಗೆ ಕೆಂಪಾಗಿ ಸುಟ್ಟ ಹಾಗಿತ್ತು.

"ಹೊನ್ನೂರಮ್ಮ ಊಟಕ್ಕೆ ಹೋಗಿದಾಳೆ," ಅಂದ. "ಒಂದು ಹಿಡಿ ತೆಗ್ದು ಇದರೊಳಗೆ ಹಾಕಿದೀನಿ. ಬಾಯಿ ಬಿಡಬೇಡ."

"ಕದ್ದಿದ್ದು ಹಿಡಿಯಲ್ಲ ಅಂತಾರಲ್ಲೋ."

"ಅಂತಾರೆ, ಅಂತಾರೆ. ಯಾರು ನೋಡಿದಾರೆ? ಮೊಸರಿಗೆ ಗೊತ್ತಾಗುತ್ತಾ ಹೆಪ್ಪು ಯಾರ ಮನೇದು ಅಂತ?"

ಕಲ್ಲುಬಯಲೇ ಆಗಲಿ ಅಂದವನು ಕದಿಯಲು ಬಂದಿದ್ದ. ಅವನ ಮಾತೇ ನಿಜವಾಗಲಿ ಎಂದು ಆಸೆಪಟ್ಟೆ. ಆ ದಿನವೆಲ್ಲ ಅಂಗಡಿಯಲ್ಲಿ ಕೂತು ಒಬ್ಬರ ಚಾಳೀಸಿನ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಕೂರಿಸಿ ಬೈಸಿಕೊಂಡೆ. ಒಂಬತ್ತನೆಯ ದಿನ ಬೆಳಗ್ಗೆ ಮಣ್ಮನೆಗೆ ಓಡಿದೆ. ಭೂಷಣ ಆಗಲೇ ಬಂದಿದ್ದ. ಹೊನ್ನೂರಮ್ಮ ಸಲಾಕೆ ಚುಚ್ಚಿದಳು, ಎಣಿಸಿದಳು, ಎಳೆದಳು. ನಾನೇ ಕಿತ್ತುಕೊಂಡು ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು.

ಹೊನ್ನೂರಮ್ಮ ಪಕ್ಕದ ಗುಡ್ಡೆಯ ಮೇಲಿದ್ದ ಕುಳಿಯನ್ನು ನೋಡಿದಳು, ಭೂಷಣನ ಕೈಯನ್ನೂ ನೋಡಿದಳು. ಬೈಯಲಿಲ್ಲ. ಕುಳಿಯ ಮೇಲೆ ಹೊಟ್ಟು ಎಳೆದು ಸಮ ಮಾಡುತ್ತ, "ಇವತ್ತು ನಾಳೆ ಎರಡೇ ದಿನ. ಹೋಗಿ ಕೇಳ್ರವ್ವ. ಇಲ್ಲ ಅಂದ್ರೂ ಕೇಳಿದ್ವಿ ಅನ್ನೋದಾದ್ರೂ ಇರುತ್ತೆ," ಅಂದಳು.

"ನಾನು ಬರಲ್ಲ. ಆ ಹೊಸ್ತಿಲು ತುಳಿಯೋಕೆ ನನ್ನ ಕೈಲಾಗಲ್ಲ," ಎಂದ ಭೂಷಣ.

ನಾನೊಬ್ಬಳೇ ಹೊರಟೆ. ಗಾಣಿಗರ ಬೀದಿಗೆ ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕಾಲಿಟ್ಟವಳಲ್ಲ. ಎಲ್ಲಿಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಅಂದು ಆ ಬೀದಿಯ ಮೂಲೆ ತಿರುಗಿದೆ. ಅಲ್ಲೊಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ.

ಯಾಕೆಂದರೆ ಊರಿಗೆ ಗೊತ್ತಿರುವುದು ನಿಜವಲ್ಲ. ಅಪ್ಪನಿಗೆ ಜ್ವರ ಬಂದಿದ್ದು ನಿಜ, ಏಳಲಾರದೆ ಮಲಗಿದ್ದೂ ನಿಜ. ಆದರೆ ಅವನು ಮರೆತಿರಲಿಲ್ಲ. ಒಂದೂವರೆಗೇ ನನ್ನನ್ನು ಕರೆದು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಕೈಗೆ ಕೊಟ್ಟು, "ಮೊದ್ಲು ಮೇಲಿನ ಬೀದಿ ಬಂದ್ ಮಾಡು, ಆಮೇಲೆ ಗಾಣಿಗರ ಬೀದಿ ಬಿಡು. ಎರಡು ಗಂಟೆಗೆ ಸರಿಯಾಗಿ," ಎಂದು ಹೇಳಿದ್ದ. ನಾನು ಎಷ್ಟೋ ಸಲ ಅವನ ಜೊತೆ ಹೋಗಿ ನೋಡಿದ್ದೆ. ಕೀಲಿ ಹೊತ್ತು ಹೆಮ್ಮೆಯಿಂದ ಹೋದೆ. ಮೇಲಿನ ಬೀದಿಯಲ್ಲಿ ಅಂದು ಒಂದು ಮದುವೆಮನೆ. ನಾನು ವಾಲ್ವಿಗೆ ಕೀಲಿ ಹಾಕುವಷ್ಟರಲ್ಲಿ ರೇಷ್ಮೆಸೀರೆ ಉಟ್ಟ ಹೆಂಗಸೊಬ್ಬಳು ಓಡಿಬಂದು ನನ್ನ ಗಲ್ಲ ಹಿಡಿದಳು. "ಬಂಗಾರ, ಇನ್ನೊಂದರ್ಧ ಗಂಟೆ ಬಿಡಮ್ಮ. ಬೀಗರು ಬಂದವ್ರೆ, ಹಂಡೆಗೆ ನೀರಿಲ್ಲ." ದೊಡ್ಡವರೊಬ್ಬರು ನನ್ನನ್ನು ಹಾಗೆ ಅಂಗಲಾಚಿದ್ದು ಅದೇ ಮೊದಲು. ಆಗಲಿ ಅಂದೆ. ನನ್ನನ್ನು ಕರೆದೊಯ್ದು ದೊಡ್ಡವರ ಪಂಕ್ತಿಯಲ್ಲಿ ಕೂರಿಸಿ ಚಿರೋಟಿ ಬಡಿಸಿ ಮೇಲೆ ಹಾಲು ಹೊಯ್ದರು. ಎರಡನೆಯ ಚಿರೋಟಿ ತಿನ್ನುತ್ತಿದ್ದಾಗ ಹೊರಗೆ ಗದ್ದಲ ಕೇಳಿಸಿತು.

ಅಪ್ಪ ಜ್ವರದ ಮೈಯಲ್ಲಿ ಓಡುತ್ತ ಬಂದು ನನ್ನ ಕೈಯಿಂದ ಕೀಲಿ ತೆಗೆದುಕೊಂಡ. ನನ್ನ ತುಟಿಗೆ ಅಂಟಿದ್ದ ಸಕ್ಕರೆಯನ್ನು ಪಂಚೆಯ ತುದಿಯಿಂದ ಒರೆಸಿದ. "ಮನೆಗೆ ಹೋಗು. ಯಾರು ಕೇಳಿದ್ರೂ ಮನೆಲೇ ಇದ್ದೆ ಅನ್ನು," ಅಂದ. ಅದೇ ಮೊದಲು, ಅದೇ ಕೊನೆ. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ನಾನು ಎತ್ತಲು ಹೋದಾಗಲೆಲ್ಲ, "ಊಟ ಆಯ್ತಾ?" ಎಂದು ಕೇಳಿ ಎದ್ದುಬಿಡುತ್ತಿದ್ದ. ಕೊನೆಯ ತಿಂಗಳಲ್ಲಿ ಮಾತು ಬಿದ್ದುಹೋದ ಮೇಲೂ, ನಾನು ಅವನ ಕಾಲ ಬಳಿ ಕೂತು ಅಳುತ್ತ ಹೇಳತೊಡಗಿದರೆ, ಕೈಯನ್ನು ಬಾಯಿಗೆ ಒಯ್ದು ಊಟದ ಸನ್ನೆ ಮಾಡಿದ.

ಸಾಕಮ್ಮ ಪಡಸಾಲೆಯಲ್ಲಿ ಗಂಡ ಬಡಿದು ಬೀಳಿಸಿದ್ದ ಹುಣಸೆಹಣ್ಣನ್ನು ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಅರವತ್ತೆಂಟರ ಹೆಂಗಸು, ಬೆನ್ನು ಬಾಗಿದೆ, ಕೈಯಿನ್ನೂ ಚುರುಕು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಗುರುಶಾಂತನ ಮಗಳಲ್ವಾ ನೀನು. ಗೊತ್ತಾಯ್ತು ಯಾಕ್ ಬಂದೆ ಅಂತ. ನಿಮ್ಮಣ್ಣ ಕದ್ದಿದ್ದೂ ಗೊತ್ತು. ನಾನೂ ದಿನಾ ಹೋಗಿ ನೋಡ್ತೀನಿ, ನನ್ನ ಗಂಡನ ಗುಡ್ಡೆ ಹೆಂಗಿತ್ತು ಅಂತ ನಂಗೆ ಗೊತ್ತಿಲ್ವಾ?"

"ತಪ್ಪಾಯ್ತು ಅತ್ತೆ." ಚಂದ್ರಕಲಾ ಬದುಕಿದ್ದಾಗ ನಾನು ಸಾಕಮ್ಮನನ್ನು ಅತ್ತೆ ಎಂದೇ ಕರೆಯುತ್ತಿದ್ದದ್ದು. ಬಾಯಿಗೆ ತಾನಾಗಿ ಬಂತು.

"ಅತ್ತೆ ಗಿತ್ತೆ ಎಲ್ಲ ಬೇಡ. ಕೇಳೋದು ಕೇಳಿ ಹೋಗು."

"ಒಂದು ಹಿಡಿ ಹೆಪ್ಪು ಬೇಕಿತ್ತು. ನಾಳಿದ್ದಿಗೆ ಹನ್ನೊಂದು ದಿನ."

ಸಾಕಮ್ಮ ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದಳು. "ನನ್ನ ಮಗಳು ಉರೀತಿರೋವಾಗ ಅವನು ನೀರು ಬಿಡ್ಲಿಲ್ಲ. ಈಗ ಅವನು ತಣ್ಣಗಿದಾನೆ ಅಂತ ನಾನು ಬಿಸಿ ಕೊಡ್ಲಾ? ಹೋಗಲಿ ಕಲ್ಲುಬಯಲಿಗೆ. ನನ್ನ ಚಂದ್ರಿ ಪಕ್ಕದಲ್ಲೇ ಬಿದ್ಕೊಳ್ಳಲಿ. ಅವಳ ಮುಖ ನೋಡ್ತಾ ಇರಲಿ."

ಎದ್ದು ಬಂದುಬಿಡಬಹುದಿತ್ತು. ಕೇಳಿದೆವು, ಇಲ್ಲ ಅಂದರು ಎಂದು ಹೊನ್ನೂರಮ್ಮನಿಗೆ ಹೇಳಿದರೆ ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ನಾನು ಎದ್ದೆ ಕೂಡ. ಎದ್ದವಳಿಗೆ ಬಾಗಿಲ ಕಡೆ ತಿರುಗಲು ಆಗಲಿಲ್ಲ.

"ಅಪ್ಪ ಮರೀಲಿಲ್ಲ," ಅಂದೆ. "ಕೀಲಿ ನನ್ನ ಕೈಲಿತ್ತು."

ಅವಳು ಹುಣಸೆಹಣ್ಣು ಹಿಡಿದ ಕೈಯನ್ನು ತೊಡೆಯ ಮೇಲೆ ಇಟ್ಟಳು.

ಎಲ್ಲ ಹೇಳಿದೆ. ಮೇಲಿನ ಬೀದಿ, ಮದುವೆಮನೆ, ರೇಷ್ಮೆಸೀರೆಯವಳು, ಚಿರೋಟಿ. ಚಿರೋಟಿ ಬಿಟ್ಟು ಹೇಳಬಹುದಿತ್ತು, ಬಿಡಲಿಲ್ಲ. ಎರಡು ತಿಂದೆ ಎಂದೂ ಹೇಳಿದೆ. ಅಪ್ಪ ನನ್ನ ಬಾಯಿ ಒರೆಸಿದ್ದು ಹೇಳಿ ಅಲ್ಲಿಗೆ ನಿಲ್ಲಿಸಿದೆ.

ಆಚೆಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದ ಸದ್ದಾಯಿತು.

"ಚಂದ್ರಿ ನಿಂಗೆ ಜಡೆ ಹಾಕ್ತಿದ್ಲು," ಅಂದಳು ಸಾಕಮ್ಮ.

"ಹೂಂ."

"ಎರಡು ಜಡೆ."

"ಹೂಂ."

"ಎದ್ದೋಗು," ಅಂದಳು. ಜೋರಾಗಿ ಹೇಳಲಿಲ್ಲ. "ನನ್ನ ಕಣ್ಣೆದುರಿಂದ ಎದ್ದೋಗು ನೀನು."

ಹತ್ತನೆಯ ದಿನ ನಾನು ಅಂಗಡಿ ತೆಗೆಯಲಿಲ್ಲ. ಬೆಳಗಿನಿಂದ ಮಣ್ಮನೆಯ ಜಗಲಿಯ ಮೇಲೆ ಕೂತಿದ್ದೆ. ಭೂಷಣ ಗಡಿಕಲ್ಲಿನಾಚೆಗೆ ಹೊರಲು ನಾಲ್ಕು ಜನರಿಗೆ ಹೇಳಿಟ್ಟು ಬಂದು ನನ್ನ ಪಕ್ಕ ಕೂತ. "ಏನಂದ್ಲು?" ಎಂದು ಕೇಳಿದ. "ಇಲ್ಲ ಅಂದ್ಲು," ಅಂದೆ. ಅಷ್ಟು ಮಾತ್ರ ಹೇಳಿದೆ. ಮತ್ತೆ ಅದೇ ಹಳೆಯ ಬಾಯಿ. ಹೊನ್ನೂರಮ್ಮ ಆಗಾಗ ಹೋಗಿ ಸಲಾಕೆ ಚುಚ್ಚಿ ಬರುತ್ತಿದ್ದಳು, ನನ್ನ ಕಡೆ ತರುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಪ್ರತಿ ಸಲ ಗೇಟಿನ ಕಡೆ ಸದ್ದಾದಾಗ ತಲೆ ಎತ್ತಿ ನೋಡುತ್ತಿದ್ದೆ. ಒಮ್ಮೆ ಆಡು, ಒಮ್ಮೆ ಸೊಪ್ಪು ತಂದವನು.

ನಾಲ್ಕು ಗಂಟೆಯ ಸುಮಾರಿಗೆ ಸಾಕಮ್ಮ ಬಂದಳು. ಯಾರ ಕಡೆಯೂ ನೋಡದೆ ಕೊಳಗದ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡಳು. ಗಂಡನ ತೊಟ್ಟಿಯ ಮುಂದೆ ನಿಂತು ಸೆರಗು ಬಿಗಿದು, ಬಲಗೈಯನ್ನು ಗುಡ್ಡೆಯೊಳಕ್ಕೆ ಇಳಿಸಿದಳು. ಹಲ್ಲು ಕಚ್ಚಿ ಆಳಕ್ಕೆ ತಳ್ಳಿದಳು. ಕೈ ಹೊರಬಂದಾಗ ಮುಷ್ಟಿಯಿಂದ ಹಬೆ ಏಳುತ್ತಿತ್ತು. ನಾನು ಓಡಿಹೋಗಿ ಸೆರಗೊಡ್ಡಿದೆ.

"ನಿಂಗಲ್ಲ ಇದು," ಅಂದು ನನ್ನನ್ನು ದಾಟಿ ಅಪ್ಪನ ತೊಟ್ಟಿಗೆ ಹೋದಳು.

ಹೊನ್ನೂರಮ್ಮ ಹೊಟ್ಟು ಸರಿಸಿ ದಾರಿ ಮಾಡಿಕೊಟ್ಟಳು. ಸಾಕಮ್ಮ ಆ ಮುಷ್ಟಿಯನ್ನು ಒಳಗೆ ಇಳಿಸಿ, ಅಲ್ಲೇ ಬಿಚ್ಚಿ, ಸ್ವಲ್ಪ ಹೊತ್ತು ಕೈಯನ್ನು ಹಾಗೇ ಇಟ್ಟುಕೊಂಡಳು. "ಗುರುಶಾಂತಣ್ಣ," ಅಂದಳು. "ನಡುಬೀದಿಲಿ ನಿಲ್ಲಿಸಿ ಬೈದೆ ನಿನ್ನ. ಹಬ್ಬ ಅನ್ಲಿಲ್ಲ, ಹುಣ್ಣಿಮೆ ಅನ್ಲಿಲ್ಲ. ಒಂದು ಸಲಾನಾದ್ರೂ ಬಾಯಿ ಬಿಡಬಾರದಿತ್ತಾ ನೀನು?"

ಭೂಷಣ ಎದ್ದು ನಿಂತಿದ್ದ. "ಏನಿದು? ಏನ್ ಹೇಳ್ದೆ ನೀನು ಅವ್ರಿಗೆ?" ಎಂದು ನನ್ನನ್ನು ಕೇಳಿದ.

ಸಾಕಮ್ಮ ಕೈ ಕೊಡವಿಕೊಂಡು ಅವನ ಕಡೆ ತಿರುಗಿದಳು. "ಇವನಿಗೂ ಹೇಳಿಲ್ವಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಹೊನ್ನೂರಮ್ಮನ ಎದುರಿಗೇ ಅವನಿಗೆ ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಅವನು ಕೂಗಾಡಲಿಲ್ಲ, ಹೊಡೆಯಲಿಲ್ಲ. ಜಗಲಿಯ ಅಂಚಿಗೆ ಕೂತು ತನ್ನ ಸುಟ್ಟ ಕೈಯನ್ನು ನೋಡಿಕೊಳ್ಳುತ್ತಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?"

"ಅಪ್ಪ ಹೇಳಬೇಡ ಅಂದಿದ್ದ."

"ಅಪ್ಪಂದಲ್ಲ ನಾನು ಕೇಳಿದ್ದು."

ಅವನು ಎದ್ದು ಹೋದ. ಇನ್ನು ಬರುವುದಿಲ್ಲ ಅಂದುಕೊಂಡೆ.

ಹನ್ನೊಂದನೆಯ ದಿನ ನಾನು ಹೋಗುವ ಹೊತ್ತಿಗೆ ಹೊರುವವರು ನಾಲ್ವರೂ ಬಂದು ಬೀಡಿ ಸೇದುತ್ತ ಕೂತಿದ್ದರು. ಭೂಷಣನೂ ಬಂದಿದ್ದ, ದೂರ ನಿಂತಿದ್ದ. ಸೂರ್ಯ ಹಂಚಿನ ಮಾಡಿನ ಮೇಲೆ ಬಂದ ಕೂಡಲೇ ನೋಡಿ ಹೇಳಿಬಿಡಬೇಕು, ಅದು ಕ್ರಮ. ಹೊನ್ನೂರಮ್ಮ ಸಲಾಕೆ ಚುಚ್ಚಿದಳು. ಈ ಸಲ ನೂರಕ್ಕೆ ನಿಲ್ಲಿಸದೆ ಇನ್ನೂರು ಎಣಿಸಿದಳು ಎಂದು ನನಗೆ ಗೊತ್ತಾಯಿತು, ನಾನೂ ಜೊತೆಯಲ್ಲೇ ಎಣಿಸುತ್ತಿದ್ದೆ. ಎಳೆದು ಮೊಣಕೈಗೆ ಇಟ್ಟುಕೊಂಡಳು. ಮತ್ತೆ ಇಟ್ಟುಕೊಂಡಳು.

"ಬೆಚ್ಚಗೈತೇನೋ ಅನ್ಸುತ್ತೆ," ಅಂದಳು. "ನನ್ನ ಮೈನೇ ಬಿಸಿ ಇರಬೇಕೇನೋ. ನೀನು ನೋಡು."

ನಾನು ಹಿಡಿದುಕೊಂಡೆ. ಬೆಚ್ಚಗಿದೆ ಅನ್ನಿಸಿತು, ಇಲ್ಲ ಅನ್ನಿಸಿತು. ಬೆಚ್ಚಗಿರಲಿ ಎಂದು ಬಯಸುವ ಕೈ ಅದು, ಅದನ್ನು ನಂಬುವುದು ಹೇಗೆ? ಹೊರುವವರಲ್ಲಿ ಹಿರಿಯನೊಬ್ಬ ಬೀಡಿ ಆರಿಸಿ ಎದ್ದ. "ಗೊತ್ತಾಗ್ತಿಲ್ಲ," ಅಂದೆ. "ನಂಗೆ ಗೊತ್ತಾಗ್ತಿಲ್ಲ."

ಭೂಷಣ ಸರಸರನೆ ಬಂದು ಸಲಾಕೆಯನ್ನು ಮುಟ್ಟದೆ ನೇರ ತೊಟ್ಟಿಗೆ ಹೋಗಿ, ಅಂಗಿ ತೋಳು ಮಡಿಸಿ, ಆ ಸುಟ್ಟ ಕೈಯನ್ನೇ ಗುಡ್ಡೆಯೊಳಕ್ಕೆ ಭುಜದವರೆಗೂ ಇಳಿಸಿದ. ಕೆನ್ನೆ ಹೊಟ್ಟಿಗೆ ತಾಗುವ ಹಾಗೆ ಬಗ್ಗಿ ಕಣ್ಣು ಮುಚ್ಚಿಕೊಂಡ. ಒಳಗೆ ಏನನ್ನೋ ಹುಡುಕುವವನಂತೆ ಅವನ ಭುಜ ಅಲುಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು.

"ಐತೆ," ಅಂದ.

"ನಿಜ ಹೇಳೋ."

"ಅಡಿಲೈತೆ. ಎದೆ ಹತ್ರ. ಸುಡ್ತಾ ಐತೆ ಕಣೆ."

ಹೊನ್ನೂರಮ್ಮ ತಾನೂ ಕೈ ಇಳಿಸಿ ನೋಡಿ ಹೊರುವವರ ಕಡೆ ತಿರುಗಿ, "ಹೋಗ್ರಪ್ಪ, ಹೋಗ್ರಿ. ನಿಮ್ಮ ಕೆಲಸ ಇಲ್ಲ ಇಲ್ಲಿ," ಎಂದು ಕೂಗಿದಳು. ಭೂಷಣ ಕೈ ತೆಗೆಯಲಿಲ್ಲ. ಬೊಬ್ಬೆ ಏಳುತ್ತೆ ತೆಗಿಯೋ ಎಂದು ನಾನು ಎಳೆದರೂ ತೆಗೆಯಲಿಲ್ಲ. ಅಪ್ಪನನ್ನು ಅವನು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಮಧ್ಯಾಹ್ನದ ಹೊತ್ತಿಗೆ ಗುಡ್ಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಬೆ ಎದ್ದಿತು.

ಊರಿಗೆ ವಿಷಯ ಗೊತ್ತಾಗಲು ಎರಡು ದಿನವೂ ಬೇಕಾಗಲಿಲ್ಲ. ನಾನೂ ಯಾರಿಗೂ ಇಲ್ಲ ಎನ್ನಲಿಲ್ಲ. ಗಾಣಿಗರ ಬೀದಿಯವರು ನನ್ನ ಅಂಗಡಿಗೆ ಬರುವುದನ್ನು ಬಿಟ್ಟರು. ಕನ್ನಡಕ ರಿಪೇರಿಗೆ ಕೊಟ್ಟಿದ್ದ ಒಬ್ಬರು ಅದನ್ನು ರಿಪೇರಿಯಾಗದೆಯೇ ವಾಪಸ್ಸು ಒಯ್ದರು. ಭೂಷಣ ನನ್ನ ಹತ್ತಿರ ಬೇಕಾದಷ್ಟು ಮಾತ್ರ ಆಡುತ್ತಾನೆ. ಸೋಮವಾರ ಅವನು, ಶುಕ್ರವಾರ ನಾನು ಎಂದು ಗುಡ್ಡೆ ನೋಡಿಕೊಳ್ಳುವುದನ್ನು ಹಂಚಿಕೊಂಡೆವು.

ಎರಡನೆಯ ತಿಂಗಳು ಬಿದ್ದ ಮೇಲೆ ವಾರಕ್ಕೊಮ್ಮೆ ಗುಡ್ಡೆಯನ್ನು ಸಲಿಕೆಯಿಂದ ಮೇಲೆ ಕೆಳಗೆ ತಿರುವಿ ಹಾಕಬೇಕು. ಅಷ್ಟು ಹೊತ್ತಿಗೆ ಅಲ್ಲಿ ನೋಡಿ ಬೆದರುವಂಥದ್ದೇನೂ ಉಳಿದಿರುವುದಿಲ್ಲ. ಸಾಕಮ್ಮನೂ ಶುಕ್ರವಾರವೇ ಬರುತ್ತಿದ್ದಳು. ಎರಡು ತೊಟ್ಟಿಗಳ ನಡುವೆ ಎರಡು ಮೊಳ ಜಾಗ. ಅವಳು ಆ ಕಡೆ ತಿರುಗಿ, ನಾನು ಈ ಕಡೆ ತಿರುಗಿ, ಬೆನ್ನಿಗೆ ಬೆನ್ನು ಹಾಕಿಕೊಂಡು ತಿರುವುತ್ತಿದ್ದೆವು. ನಾನು ಬಂದದ್ದನ್ನು ಅವಳು ಕಂಡಂತೆ ತೋರಿಸಿಕೊಳ್ಳುತ್ತಿರಲಿಲ್ಲ. ಅವಳ ಸಲಿಕೆ ನಿಂತಾಗಲೆಲ್ಲ, ಈಗ ಏನಾದರೂ ಅನ್ನುತ್ತಾಳೆ ಎಂದು ನನ್ನದೂ ನಿಲ್ಲುತ್ತಿತ್ತು. ಅನ್ನುತ್ತಿರಲಿಲ್ಲ. ಮತ್ತೆ ಸಲಿಕೆ ಸದ್ದು ಶುರುವಾಗುತ್ತಿತ್ತು.

ನಾಲ್ಕನೆಯ ಶುಕ್ರವಾರ ಅವಳ ಸಲಿಕೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ತಿರುಗಿ ನೋಡಿದೆ. ಸೊಂಟ ಹಿಡಿದುಕೊಂಡು ತೊಟ್ಟಿಯ ಅಂಚಿಗೆ ಒರಗಿದ್ದಳು, ಮುಖದ ಮೇಲೆ ಬೆವರು. ಹೊನ್ನೂರಮ್ಮನನ್ನು ಕರೆಯಲೆ ಎಂದು ನಾನು ಕೇಳುವ ಮೊದಲೇ ಅವಳು ಸಲಿಕೆಯ ಹಿಡಿಯನ್ನು ನನ್ನ ಕಡೆ ಚಾಚಿದಳು.

"ಇದನ್ನೂ ತಿರುವು," ಅಂದಳು.

ತೆಗೆದುಕೊಂಡೆ. ಅವಳು ಎದುರಿನ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಅಡಿವರೆಗೂ ತಿರುವಬೇಕು. ಅರ್ಧಕ್ಕೆ ಬಿಡಬೇಡ. ನಾನು ನೋಡ್ತಾ ಇರ್ತೀನಿ."

ನಾನು ಸಲಿಕೆಯನ್ನು ಅಡಿಯ ಕಲ್ಲು ತಾಗುವವರೆಗೆ ಇಳಿಸಿದೆ.